ನನ್ನ ಬಾಲ್ ಪೈಥಾನ್ ಹಾವನ್ನು ‘ಪಾಸ್ಟೆಲ್, 66% ಹೆಟ್ ಪೈಡ್’ ಅಂತ ಮಾರಿದ್ದಾರೆ. ಫೋಟೋ ನೋಡಿ ಹೌದೋ ಅಲ್ಲವೋ ಹೇಳ್ತೀರಾ?

ಅಯ್ಯೋ, ಇದೇ 66ರ ಕಥೆ ನನಗೂ ಹೇಳಿದ್ದರು. (ಪಾಸ್ಟೆಲ್, ಪೈಡ್ ಎರಡೂ ಈ ಹಾವಿನ ಬಣ್ಣದ ಬಗೆಗಳ ಹೆಸರು, ಪೈಡ್ ಅಂದರೆ ಮೈಮೇಲೆ ಬಿಳಿ ಪಟ್ಟೆ ಇರುವುದು.) ಬೆಂಗಳೂರಿನಲ್ಲಿ ಕೊಂಡು ಚಿಕ್ಕಮಗಳೂರಿಗೆ ತಂದ ಮರಿ. ತೋಟದ ಕಡೆಯವರಿಗೆಲ್ಲ ಅದು ಹೆಬ್ಬಾವಿನ ಮರಿ, ಅಜ್ಜಿಯಂತೂ ಆ ಕೋಣೆಗೆ ಕಾಲಿಡಲಿಲ್ಲ. (ನಮ್ಮ ಕಾಡಿನ ಹೆಬ್ಬಾವು ಬೇರೆ ಜಾತಿ, ಅದನ್ನು ಸಾಕುವುದು ಅಪರಾಧ. ಇದು ಆಫ್ರಿಕಾದ್ದು.)

ನಾನು ಅಂದುಕೊಂಡಿದ್ದು ಏನು ಗೊತ್ತಾ? ಮೈಯಲ್ಲಿ ನೂರಕ್ಕೆ 66 ಭಾಗ ಪೈಡ್ ಇದೆ, ಬೆಳೆದಂತೆ ಬಿಳಿ ಬರುತ್ತದೆ ಅಂತ! ಅದಕ್ಕೇ ಜಾಸ್ತಿ ದುಡ್ಡು ಕೊಟ್ಟೆ. ಪೊರೆ ಬಿಟ್ಟಾಗಲೆಲ್ಲ ಟಾರ್ಚ್ ಹಿಡಿದು ಬಿಳಿ ಹುಡುಕುತ್ತಿದ್ದೆ. ಬಿಳಿ ಬರಲಿಲ್ಲ, ಇದ್ದ ಹಳದಿಯೂ ಕಂದಾಯಿತು.

ಪೈಡ್ ಅನ್ನುವುದು ರಿಸೆಸಿವ್. ಅಪ್ಪ ಅಮ್ಮ ಇಬ್ಬರಿಂದಲೂ ಆ ಜೀನ್ ಬಂದರೆ ಮಾತ್ರ ಬಿಳಿ ಪಟ್ಟೆ. ಒಬ್ಬರಿಂದ ಬಂದರೆ ಹೆಟ್, ನೋಡಲು ಮಾಮೂಲಿ ಹಾವು. ಎರಡು ಹೆಟ್ ಜೋಡಿ ಮಾಡಿದರೆ ಲೆಕ್ಕಕ್ಕೆ ನಾಲ್ಕರಲ್ಲಿ ಒಂದು ಮರಿ ಪೈಡ್, ಎರಡು ಹೆಟ್, ಒಂದು ಏನೂ ಇಲ್ಲದ್ದು, ಆ ಕೊನೆಯ ಮೂರೂ ಕಣ್ಣಿಗೆ ಒಂದೇ ತರ. ಮೂರರಲ್ಲಿ ಎರಡು, ಅದೇ 66%. ಅಂದರೆ ನಿಮ್ಮ ಹಾವು ಮುಕ್ಕಾಲು ಹೆಟ್, ಅರ್ಧ ಹೆಟ್ ಅಂತೆಲ್ಲ ಇಲ್ಲ. ಇದ್ದರೆ ಪೂರ್ತಿ ಇದೆ, ಇಲ್ಲದಿದ್ದರೆ ಪೂರ್ತಿ ಇಲ್ಲ. ನಾನು ಕೊಂಡಿದ್ದು ಲಾಟರಿ ಟಿಕೆಟ್, ಅದೂ ಅಪ್ಪ ಅಮ್ಮನ ದಾಖಲೆ ಒಂದನ್ನೂ ಕೇಳದೆ. ಅಮೆರಿಕದಲ್ಲಿ ಪೊರೆಯ ಚೂರು ಕಳಿಸಿದರೆ ಕೆಲವು ರಿಸೆಸಿವ್ ಜೀನ್ ಪರೀಕ್ಷೆ ಮಾಡುವ ಲ್ಯಾಬ್‌ಗಳಿವೆ. ಫೋಟೋದಲ್ಲಿ ಮಾತ್ರ ಯಾರೂ ಹೇಳಲಾರರು, ಹೇಳಿದವರನ್ನು ನಂಬಬೇಡಿ.

ಪಾಸ್ಟೆಲ್ ಹಾಗಲ್ಲ, ಒಂದೇ ಜೀನ್ ಇದ್ದರೂ ಕಾಣುತ್ತದೆ. ಹಳದಿ ಜಾಸ್ತಿ, ಕಪ್ಪು ಭಾಗದ ನಡುವೆ ಮಾಸಿದ ಬಣ್ಣ, ಕಣ್ಣು ಸ್ವಲ್ಪ ಹಸಿರು. ವಯಸ್ಸಾದಂತೆ ಹಳದಿ ಮಂಕಾಗುವುದು ಸಹಜ, ನನ್ನ ಹಾಗೆ ಗಾಬರಿಯಾಗಬೇಡಿ.

ನಿಜ ಹೇಳಲಾ? ಮರಿ ಮಾಡಿಸುವ ಯೋಚನೆ ಇಲ್ಲದಿದ್ದರೆ ಈ ಹೆಟ್ ತಲೆನೋವು ನಿಮಗೆ ಬೇಡವೇ ಬೇಡ. ಸಾಕುವವರು ನಿಜವಾಗಿ ಹುಷಾರಾಗಿರಬೇಕಾದ ಹೆಸರು ಸ್ಪೈಡರ್, ಅದೂ ಇಂಥದ್ದೇ ಒಂದು ಬಣ್ಣದ ಬಗೆ. ಆ ಜೀನ್ ಜೊತೆಗೇ ತಲೆ ಅಲ್ಲಾಡುವ ತೊಂದರೆ ಬರುತ್ತದೆ. ನಾನಂತೂ ಸ್ಪೈಡರ್ ತರುವುದಿಲ್ಲ, ಎಷ್ಟೇ ಚೆನ್ನಾಗಿರಲಿ. ಅದಕ್ಕಿಂತ ಮೊದಲು, ನಿಮ್ಮ ಹಾವಿನ ನೋಂದಣಿ ಆಗಿದೆಯಾ? 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಮಾಡಿಸಲೇಬೇಕು. ಮಾರಿದವರು ಕಾಗದ ಬೇಡ ಅಂದಿದ್ದರೆ, ಅವರ ‘ಹೆಟ್’ ಮಾತಿಗೂ ಅಷ್ಟೇ ಬೆಲೆ.

ಪೊರೆ ಬರುವ ಮುಂಚೆ ಬಣ್ಣ ಮಂಕಾಗಿರುತ್ತದೆ, ಆಗ ತೆಗೆದ ಫೋಟೋ ಸುಮ್ನೆ ದಂಡ. ಪೊರೆ ಬಿಟ್ಟ ಮೇಲೆ ಹಗಲು ಬೆಳಕಲ್ಲಿ, ಫ್ಲ್ಯಾಶ್ ಫಿಲ್ಟರ್ ಏನೂ ಇಲ್ಲದೆ, ತಲೆ, ಬೆನ್ನು, ಪಕ್ಕೆ ತೆಗೆದು ಹಾಕಿ. ಪಾಸ್ಟೆಲ್ ಹೌದೋ ಅಲ್ಲವೋ ನೋಡೋಣ.