ಹುಟ್ಟುಗುಣ ಮತ್ತು ಶನಿವಾರದ ಬಟವಾಡೆ

"ಮೇಡಂ, ನಂಗೆ ಎಷ್ಟು ಪರ್ಸೆಂಟ್ ಚಾನ್ಸ್ ಇದೆ ಅಂತ ಹೇಳಿಬಿಡಿ, ಸಾಕು."

ಆಪ್ತಸಲಹೆಗೆ ನನ್ನ ಹತ್ತಿರ ಬಂದ ಮೊದಲ ದಿನ ಕುರ್ಚಿಯಲ್ಲಿ ಕೂತ ಕೂಡಲೇ ಅವರು ಕೇಳಿದ್ದು ಇದನ್ನೇ: ಅಪ್ಪನ ಹಾಗೆ ತನಗೂ ಕುಡಿತದ ಚಟ ಹತ್ತುವ ಸಂಭವ ಎಷ್ಟು ಎಂದು. ಅವರನ್ನು ಇಲ್ಲಿ ಕುಮಾರ್ ಎಂದು ಕರೆಯುತ್ತೇನೆ. ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು 28. ಹೊಸ ಮನೆಗಳಿಗೆ ವೈರಿಂಗ್ ಮಾಡುವ ತಂಡದಲ್ಲಿ ಕೆಲಸ. ಮದುವೆಯಾಗಿ ಎರಡು ವರ್ಷ, ಹೆಂಡತಿ ಐದು ತಿಂಗಳ ಬಸುರಿ. ಅಪ್ಪ ಕುಡಿದು ಕುಡಿದು, ಹೊಟ್ಟೆ ಊದಿಕೊಂಡು, ಕಣ್ಣು ಹಳದಿಯಾಗಿ 46ಕ್ಕೇ ತೀರಿಕೊಂಡಿದ್ದರು. ಆಗ ಕುಮಾರ್‌ಗೆ 17.

ಕುಮಾರ್ ಕುಡಿಯುತ್ತಿದ್ದುದು ಶನಿವಾರ ಮಾತ್ರ. ಶನಿವಾರ ಬಟವಾಡೆ. ದುಡ್ಡು ಕೈಗೆ ಬಂದ ಮೇಲೆ ತಂಡದವರೆಲ್ಲ ಒಟ್ಟಿಗೆ ಹೋಗುವುದು ರೂಢಿ. ಒಂದು ಶನಿವಾರ ರಾತ್ರಿ ಹನ್ನೊಂದೂವರೆಗೆ ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲೇ ನಿಂತಿದ್ದರು. "ಹುಟ್ಟುಗುಣ ಸುಟ್ರೂ ಹೋಗಲ್ಲ ಕಣಪ್ಪ. ನೀನೂ ನಿಮ್ಮಪ್ಪನೇ" ಅಂದರಂತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವ್ವ ಬೈಯಲಿಲ್ಲ, ಸುಮ್ನೆ ಹೇಳಿ ಒಳಗೆ ಹೋದಳು ಎಂದರು ಕುಮಾರ್.

ಆಮೇಲಿನ ಬುಧವಾರ ಅವರು ಮೊದಲ ಸಲ ಒಬ್ಬರೇ ಹೋಗಿ ಕುಡಿದರು. ಜೊತೆಗೆ ಯಾರೂ ಇರಲಿಲ್ಲ, ಯಾರೂ ಕರೆದಿರಲಿಲ್ಲ. "ಹೆಂಗೂ ಆಗೋದೇ ಅಂದ್ಮೇಲೆ ತಡೆದು ಏನ್ ಬಂತು ಅನ್ನಿಸ್ತು ಮೇಡಂ."

ನಾನು ಡೈರಿಯಲ್ಲಿ ಗೆರೆ ಎಳೆದು ಗುರುತು ಹಾಕಿಕೊಂಡಿದ್ದು ಆ ಬುಧವಾರವನ್ನು. ಶನಿವಾರದ ಕುಡಿತಕ್ಕೆ ಗೆಳೆಯರು ಕಾರಣ, ದುಡ್ಡು ಕಾರಣ. ಬುಧವಾರದ್ದಕ್ಕೆ ಒಂದು ಗಾದೆ ಕಾರಣ.

ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿದ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇದೆ. ಎಷ್ಟು ದಿನಕ್ಕೊಮ್ಮೆ ಕುಡಿಯುತ್ತೀರಿ, ಶುರು ಮಾಡಿದ ಮೇಲೆ ನಿಲ್ಲಿಸಲು ಆಗದೇ ಹೋಗಿದ್ದುಂಟಾ, ಇಂಥವು. ಒಟ್ಟು 40 ಅಂಕ. 8 ಅಥವಾ ಜಾಸ್ತಿ ಬಂದರೆ ಎಚ್ಚರ ವಹಿಸಬೇಕು. ಕುಮಾರ್‌ಗೆ 11 ಬಂತು. ಕೈಕಾಲು ನಡುಕ, ಬೆಳಗ್ಗೆ ಎದ್ದ ಕೂಡಲೇ ಬೇಕು ಅನ್ನಿಸುವುದು, ಇವು ಯಾವುವೂ ಇರಲಿಲ್ಲ. ಇದ್ದಿದ್ದರೆ ನಾನು ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಇದನ್ನು ಓದುವವರಿಗೂ ಒಂದು ಮಾತು: ದಿನಾ ಜಾಸ್ತಿ ಕುಡಿಯುವವರು ಡಾಕ್ಟರನ್ನು ಕೇಳದೆ ಒಂದೇ ಸಲಕ್ಕೆ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೇ ಅಪಾಯ ಆಗಬಹುದು.

ಇನ್ನು ಅವರ ಪರ್ಸೆಂಟ್ ಪ್ರಶ್ನೆ. ಕುಡಿತದ ಚಟ 50 ಪರ್ಸೆಂಟ್ ವಂಶದಿಂದ ಬರುತ್ತದೆ ಎಂದು ಮೊಬೈಲಿನಲ್ಲಿ ಓದಿದ್ದರು. ಹಾಗಾದರೆ ನನಗೆ ಅರ್ಧಕ್ಕರ್ಧ, ನಾಣ್ಯ ಚಿಮ್ಮಿದ ಹಾಗೆ, ಎಂದು ಲೆಕ್ಕ ಹಾಕಿಕೊಂಡಿದ್ದರು.

ಈ ತಪ್ಪನ್ನು ಓದಿಕೊಂಡವರೂ ಮಾಡುತ್ತಾರೆ. ಅವಳಿಗಳನ್ನೂ ದತ್ತು ಹೋದ ಮಕ್ಕಳನ್ನೂ ಗಮನಿಸಿ ತೆಗೆದ ಆ ಸುಮಾರು 50 ಎಂಬ ಅಂಕಿ ನಿಜವೇ. ಆದರೆ ಅದು ಒಬ್ಬ ಮನುಷ್ಯನ ಬಗ್ಗೆ ಅಲ್ಲ. ಒಂದು ಜನಸಮುದಾಯದಲ್ಲಿ ಕೆಲವರಿಗೆ ಚಟ ಹತ್ತುತ್ತದೆ, ಕೆಲವರಿಗೆ ಇಲ್ಲ. ಆ ವ್ಯತ್ಯಾಸದಲ್ಲಿ ಎಷ್ಟು ಪಾಲು ವಂಶವಾಹಿಗಳ ವ್ಯತ್ಯಾಸಕ್ಕೆ ಸೇರಿದ್ದು ಎಂದು ಅದು ಹೇಳುತ್ತದೆ. ಒಂದು ಹೊಲದ ರಾಗಿ ಪೈರಿನಲ್ಲಿ ಕೆಲವು ಎತ್ತರ, ಕೆಲವು ಗಿಡ್ಡ. ಆ ಹೆಚ್ಚುಕಮ್ಮಿಗೆ ಬೀಜ ಎಷ್ಟು ಕಾರಣ, ಮಣ್ಣು ಎಷ್ಟು ಕಾರಣ ಎಂದು ಕೇಳಬಹುದು. ಒಂದೇ ಒಂದು ಪೈರನ್ನು ತೋರಿಸಿ "ಇದರಲ್ಲಿ ಅರ್ಧ ಬೀಜ, ಅರ್ಧ ಮಣ್ಣು" ಎಂದರೆ ಅದಕ್ಕೆ ಅರ್ಥವಿಲ್ಲ, ಅಲ್ವಾ?

ಹಾಗಂತ ಏನೂ ಇಲ್ಲ ಎಂದು ಸಮಾಧಾನ ಹೇಳಲು ನನಗೆ ಮನಸ್ಸಿರಲಿಲ್ಲ. ಡೆನ್ಮಾರ್ಕಿನಲ್ಲಿ ನಡೆದ ಒಂದು ಅಧ್ಯಯನ 1973ರಲ್ಲಿ ಪ್ರಕಟವಾಯಿತು. ಹುಟ್ಟಿದ ಕೆಲವೇ ವಾರಗಳಲ್ಲಿ ದತ್ತು ಹೋಗಿದ್ದ ಗಂಡುಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಮನೋವೈದ್ಯ ಡೊನಾಲ್ಡ್ ಗುಡ್ವಿನ್ ಮತ್ತು ಜೊತೆಗಾರರು ಅವರ ಲೆಕ್ಕ ತೆಗೆದರು. ಹೆತ್ತವರಲ್ಲಿ ಒಬ್ಬರಿಗೆ ಕುಡಿತದ ಚಟವಿದ್ದ 55 ಜನರಲ್ಲಿ 10 ಮಂದಿಗೆ ಚಟ ಹತ್ತಿತ್ತು. ಹಾಗಿಲ್ಲದ 78 ಜನರಲ್ಲಿ 4 ಮಂದಿಗೆ. ಅಂದರೆ ನೂರಕ್ಕೆ 18, ನೂರಕ್ಕೆ 5. ಅಪ್ಪನ ಮುಖವನ್ನೇ ನೋಡದೆ ಬೆಳೆದವರಲ್ಲೂ ಇಷ್ಟು ಫರಕು. ಒಲವು ಇರುವುದು ನಿಜ. ಆದರೆ ಆ 55ರಲ್ಲಿ 45 ಮಂದಿಗೆ ಚಟ ಹತ್ತಲಿಲ್ಲ ಅನ್ನುವುದೂ ಅಷ್ಟೇ ನಿಜ. ಎರಡನ್ನೂ ಕುಮಾರ್‌ಗೆ ಒಂದೇ ದನಿಯಲ್ಲಿ ಹೇಳಿದೆ.

"ಹಂಗಾದ್ರೆ ನಂದು 18" ಎಂದರು ತಕ್ಷಣ.

"ಯಾವ ಗುಂಪಿಗೆ ಸೇರಿಸಿ ಎಣಿಸಲಿ?" ಎಂದು ಕೇಳಿದೆ. ನೀವು ಕುಡುಕರ ಮಗ, ಆ ಗುಂಪಿನ ಲೆಕ್ಕ ಒಂದು. ವಾರದ ಬಟವಾಡೆ ತೆಗೆದುಕೊಳ್ಳುವ ಕೆಲಸಗಾರ, ಅದರದ್ದು ಇನ್ನೊಂದು. ಯಾರೂ ಎಳೆದು ತರದೆ ತಾನಾಗಿಯೇ ಆಪ್ತಸಲಹೆಗೆ ಬಂದವರು, ಅದರದ್ದು ಮತ್ತೊಂದು. ನಿಮ್ಮಕ್ಕನೂ ಅದೇ ಅಪ್ಪನ ಮಗಳು, ಅವರು ಮುಟ್ಟಿಯೇ ಇಲ್ಲ.

ಇಲ್ಲಿ ಮಾತು ತತ್ವಶಾಸ್ತ್ರಕ್ಕೆ ಹೋಯಿತು. ಬೇಕಂತಲೇ ಒಯ್ದೆ. ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಪರ್ಸ್ 1910ರಲ್ಲಿ ಒಂದು ಮಾತು ಬರೆದಿದ್ದರು. ದಾಳಕ್ಕೆ 'ಹೀಗೆ ಬೀಳುವೆ' ಎನ್ನುವ ಒಂದು ಗುಣ ಇರುತ್ತದೆ, ಅದು ಮನುಷ್ಯನ ಅಭ್ಯಾಸವನ್ನು ಹೋಲುತ್ತದೆ ಎಂದು. ನಮ್ಮ ಮಾತಲ್ಲಿ ಹೇಳುವುದಾದರೆ ದಾಳಕ್ಕೂ ಒಂದು ಚಾಳಿ. ಅರ್ಧ ಶತಮಾನದ ನಂತರ, 1950ರ ದಶಕದ ಕೊನೆಯಲ್ಲಿ, ಇನ್ನೊಬ್ಬ ತತ್ವಜ್ಞಾನಿ ಕಾರ್ಲ್ ಪಾಪರ್ ಈ ವಿಚಾರವನ್ನು ಮುಂದೆ ಒಯ್ದರು. ಸಂಭವ ಎನ್ನುವುದು ಬರೀ ಹಳೆಯ ಸಲಗಳ ಎಣಿಕೆಯಲ್ಲ, ಅದೊಂದು ಒಲವು, ಒಂದೇ ಒಂದು ಎಸೆತಕ್ಕೂ ಅದು ಇರುತ್ತದೆ ಎಂದರು. ಪರ್ಸ್ ಆ ಗುಣವನ್ನು ದಾಳದೊಳಗೆ ಇಟ್ಟಿದ್ದರು. ಪಾಪರ್ ಪ್ರಕಾರ ಆ ಒಲವು ದಾಳ ಒಂದಕ್ಕೇ ಸೇರಿದ್ದಲ್ಲ. ದಾಳ, ಎಸೆಯುವ ರೀತಿ, ಬೀಳುವ ನೆಲ ಎಲ್ಲ ಸೇರಿದ ಇಡೀ ಏರ್ಪಾಡಿಗೆ ಸೇರಿದ್ದು. ಒಂದು ಕಡೆ ಸೀಸ ತುಂಬಿದ ದಾಳ ವಾಲುವುದು ಕೂಡ ಭೂಮಿ ಕೆಳಕ್ಕೆ ಎಳೆಯುವುದರಿಂದ. ಆ ಸೆಳೆತವೇ ಇಲ್ಲದ ಕಡೆ ಸೀಸ ಎಷ್ಟಿದ್ದರೂ ವಾಲುವುದಿಲ್ಲ. ಪಾಪರ್ ಎಳೆಯ ವಯಸ್ಸಿನಲ್ಲಿ ವಿಯೆನ್ನಾದಲ್ಲಿ ಮನೋವೈದ್ಯ ಆಲ್ಫ್ರೆಡ್ ಆಡ್ಲರ್ ಬಡ ಮಕ್ಕಳಿಗಾಗಿ ತೆರೆದಿದ್ದ ಸಲಹಾ ಕೇಂದ್ರಗಳಲ್ಲಿ ಕೆಲಸ ಮಾಡಿದ್ದರು. ನನ್ನಂಥವರ ಕೆಲಸವನ್ನೇ ಮಾಡಿದ್ದವರು ಎಂಬ ಕಾರಣಕ್ಕೂ ನನಗೆ ಅವರ ಮೇಲೆ ಪ್ರೀತಿ.

ಕುಮಾರ್ ಮುಖ ನೋಡಿದರೆ ತಲೆಗೆ ಹೋಗಿರಲಿಲ್ಲ. ನನ್ನ ಕೋಣೆಯಲ್ಲಿ ಮಕ್ಕಳಿಗಾಗಿ ಒಂದು ಚೌಕಾಬಾರದ ಮಣೆ, ಬಟ್ಟೆಯ ಚೀಲದಲ್ಲಿ ನಾಲ್ಕು ಕವಡೆ ಇಟ್ಟಿದ್ದೇನೆ. ತೆಗೆದು ಅವರ ಕೈಗೆ ಕೊಟ್ಟೆ. ಅಂಗೈಯಲ್ಲಿ ಕುಲುಕಿ ಟೇಬಲ್ ಕೆಳಗೆ ಹಾಸಿದ್ದ ಜಮಖಾನದ ಮೇಲೆ ಹಾಕಲು ಹೋದವರು ತಡೆದರು. ಕುರ್ಚಿಯಿಂದ ಇಳಿದು, ಜಮಖಾನದ ಅಂಚು ಮಡಚಿ, ಬರೀ ನೆಲದ ಮೇಲೆ ಹಾಕಿದರು. ಮೂರು ಬಾಯಿ ಮೇಲೆ, ಒಂದು ಬೋರಲು.

"ಯಾಕೆ ಮಡಚಿದಿರಿ?"

"ಚಾಪೆ ಮೇಲೆ ಹಾಕಿದ್ರೆ ನಮ್ಮಜ್ಜಿ ಒಪ್ತಿರಲಿಲ್ಲ ಮೇಡಂ. ಚಾಪೆ ಮೇಲೆ ಕವಡೆ ಉರುಳಲ್ಲ. ಕೈಯಲ್ಲಿ ಜೋಡಿಸಿಕೊಂಡು ಮೆಲ್ಲಗೆ ಬಿಟ್ರೆ ಹಂಗೇ ಕೂತ್ಕೊಳ್ಳತ್ತೆ. ಅದು ಆಟ ಅಲ್ಲ ಅನ್ನೋರು."

ಅಜ್ಜಿಗೆ ಗೊತ್ತಿದ್ದದ್ದು ಇದೇ. ಕವಡೆಗೆ ತನ್ನದೇ ಆಕಾರ ಇದೆ, ಅದು ನಾಣ್ಯದಂತೆ ಎರಡೂ ಕಡೆ ಸಮ ಇಲ್ಲ. ಆದರೂ ಏನು ಬೀಳುತ್ತದೆ ಎಂಬುದಕ್ಕೆ ಆಕಾರದ ಜೊತೆ ಕೈಯೂ ಬೇಕು, ನೆಲವೂ ಬೇಕು. "ನಿಮ್ಮಪ್ಪನಿಂದ ನಿಮಗೆ ಬಂದಿರಬಹುದಾದದ್ದು ಕವಡೆಯ ಆಕಾರ. ಬುಧವಾರವೂ ಶನಿವಾರವೂ ನೆಲ" ಎಂದೆ. ಅವರು ಸ್ವಲ್ಪ ಹೊತ್ತು ಕವಡೆಯ ಹಲ್ಲುಗಳ ಮೇಲೆ ಬೆರಳು ಆಡಿಸುತ್ತಾ ಕೂತರು. ಆಮೇಲೆ ಪರ್ಸೆಂಟ್ ಕೇಳಲಿಲ್ಲ.

ವಿಯೆಟ್ನಾಂ ಯುದ್ಧದ ಒಂದು ಸಂಗತಿಯನ್ನೂ ಹೇಳಿದೆ. 1971ರಲ್ಲಿ ಅಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಹೆರಾಯಿನ್‌ನಂಥ ಮಾದಕಗಳ ಚಟ ಹತ್ತಿತ್ತು. ಊರಿಗೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹುಡುಕಿ ಮಾತಾಡಿಸಿದರು. ಅಲ್ಲಿ ಚಟ ಹತ್ತಿದ್ದವರಲ್ಲಿ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ 5 ಮಾತ್ರ. ಮನುಷ್ಯರು ಅವರೇ, ನೆಲ ಬದಲಾಗಿತ್ತು. ಆದರೆ ಇದನ್ನು ಹೇಳುವಾಗ ಎಚ್ಚರ ಬೇಕು. ಆ ಸೈನಿಕರು ವಿಮಾನ ಹತ್ತಿ ಬಂದುಬಿಟ್ಟರು. ಕುಮಾರ್‌ಗೆ ಅಂಥ ವಿಮಾನ ಇಲ್ಲ. ಕೆಲಸ ಅದೇ ತಂಡದಲ್ಲಿ, ಅಂಗಡಿ ಅದೇ ರಸ್ತೆಯಲ್ಲಿ.

ಎರಡನೇ ಭೇಟಿಯಲ್ಲಿ ಇಡೀ ಹೊತ್ತು ಒಂದು ಶನಿವಾರವನ್ನು ಬಿಡಿಸಿ ನೋಡಿದೆವು. ಐದೂವರೆಗೆ ಕೆಲಸ ಮುಗಿಯುತ್ತದೆ. ಆರಕ್ಕೆ ಗುತ್ತಿಗೆದಾರರು ಬಂದು ದುಡ್ಡು ಎಣಿಸಿ ಕೊಡುತ್ತಾರೆ. ಆಮೇಲೆ? "ಗೆಳೆಯನ ಬೈಕಲ್ಲಿ ಹೋಗ್ತೀನಿ." ಸ್ವಂತ ಬೈಕ್ ಇಲ್ವಾ? ಇದೆ, ಆದರೆ ಶನಿವಾರ ಮನೆಯಲ್ಲೇ ಬಿಟ್ಟು ಬರುತ್ತಾರೆ, ಕುಡಿದು ಓಡಿಸಬಾರದು ಎಂದು. ಒಳ್ಳೆಯ ಯೋಚನೆಯೇ. ಆದರೆ ಗೆಳೆಯ ಏಳುವವರೆಗೆ ಇವರೂ ಏಳುವಂತಿಲ್ಲ. ಒಂದು ಗ್ಲಾಸ್ ಮುಗಿಸಿ ಹೊರಡುವ ದಾರಿಯನ್ನು ಬೆಳಗ್ಗೆಯೇ ಮುಚ್ಚಿಕೊಂಡು ಹೊರಟಿರುತ್ತಾರೆ.

ಇನ್ನೊಂದು ವಿಷಯ ಅವರ ಬಾಯಿಂದ ಸುಮ್ನೆ ಮಾತಿನ ನಡುವೆ ಬಂತು. "ನಂಗೆ ಬೇಗ ಏರಲ್ಲ ಮೇಡಂ. ಉಳಿದವರು ತೂರಾಡ್ತಿರ್ತಾರೆ, ನಾನೇ ಎಲ್ಲರನ್ನೂ ಮನೆ ಮುಟ್ಟಿಸೋದು." ಹೇಳುವಾಗ ಸ್ವಲ್ಪ ಹೆಮ್ಮೆ ಇತ್ತು. ನಾನು ಪೆನ್ನು ಕೆಳಗಿಟ್ಟೆ. ನಮ್ಮಲ್ಲಿ ಇದನ್ನು ಗಟ್ಟಿತನ ಎಂದುಕೊಳ್ಳುತ್ತೇವೆ. ಅಮೆರಿಕದ ಮನೋವೈದ್ಯ ಮಾರ್ಕ್ ಶುಕಿಟ್ 20ರ ಆಸುಪಾಸಿನ ಯುವಕರಿಗೆ ಅಳತೆ ಮಾಡಿ ಕುಡಿಸಿ, ಸುಮಾರು ಹತ್ತು ವರ್ಷದ ನಂತರ ಅವರನ್ನೇ ಮತ್ತೆ ಕಂಡರು. ಕುಡಿದಾಗ ಕಡಿಮೆ ಅಮಲೇರಿದ್ದವರಲ್ಲೇ ಆಮೇಲೆ ಚಟ ಹತ್ತಿದವರು ಜಾಸ್ತಿ. ಬೇರೆಯವರಿಗೆ ದೇಹವೇ ಸಾಕು ಅನ್ನುತ್ತದೆ. ಇಂಥವರಿಗೆ ಆ ಗಂಟೆ ತಡವಾಗಿ ಬಾರಿಸುತ್ತದೆ, ಅಷ್ಟರಲ್ಲಿ ಜಾಸ್ತಿ ಒಳಗೆ ಹೋಗಿರುತ್ತದೆ. ಕುಮಾರ್‌ಗೆ ಇದು ಆಘಾತ. ಅಪ್ಪನೂ ಹಾಗೇ ಇದ್ದರಂತೆ, ಊರಲ್ಲೆಲ್ಲ ಅದೇ ಹೊಗಳಿಕೆಯಂತೆ.

ಕೊಟ್ಟ ಸಲಹೆ ಇಷ್ಟು. ನಿಮ್ಮಲ್ಲಿ ಒಲವು ಇರಬಹುದು ಎಂದು ಒಪ್ಪಿಕೊಳ್ಳಿ, ಹಾಗಾಗಿ ನಿಮ್ಮ ಮಟ್ಟಿಗೆ ಪೂರ್ತಿ ಬಿಡುವುದೇ ಸುರಕ್ಷಿತ. ಶನಿವಾರ ಸ್ವಂತ ಬೈಕಿನಲ್ಲೇ ಕೆಲಸಕ್ಕೆ ಹೋಗಿ. ಬಟವಾಡೆಯನ್ನು ಹೆಂಡತಿಯ ಖಾತೆಗೆ ಹಾಕಲು ಗುತ್ತಿಗೆದಾರರನ್ನು ಕೇಳಿ. ಹಸಿದ ಹೊಟ್ಟೆಯಲ್ಲಿ ಆರು ಗಂಟೆಯ ಹೊತ್ತನ್ನು ಎದುರಿಸಬೇಡಿ, ಐದೂವರೆಗೇ ಏನಾದರೂ ತಿನ್ನಿ. ತಂಡದಲ್ಲಿ ಒಬ್ಬರಿಗಾದರೂ ನಿಜ ಹೇಳಿ. ಮನಸ್ಸು ಎಳೆದ ರಾತ್ರಿ ಮಾತಾಡಲು ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಮಂಜುನಾಥನ ಮೇಲೆ ಆಣೆ ಮಾಡಿ ಬಿಟ್ಟುಬಿಡಲಾ ಎಂದು ಕೇಳಿದರು. ಅವರ ಭಕ್ತಿಯ ಬಗ್ಗೆ ನನಗೆ ಗೌರವ. ಅಪ್ಪ ಎಷ್ಟು ಸಲ ಆಣೆ ಮಾಡಿದ್ದರು ಎಂದು ಕೇಳಿದೆ. ಮೂರು ಸಲ. ಮುರಿದ ದಿನ ಏನಾಗುತ್ತಿತ್ತು? "ಆವತ್ತೇ ಜಾಸ್ತಿ ಕುಡೀತಿದ್ರು." ಆಣೆ ಮಾಡುವುದಾದರೆ ಬಿಟ್ಟು ಆರು ತಿಂಗಳಾದ ಮೇಲೆ ಹರಕೆ ತೀರಿಸಿದ ಹಾಗೆ ಹೋಗಿ ಬನ್ನಿ ಎಂದೆ. ಒಂದು ಸಲ ಜಾರಿದರೆ ಆ ಸಂಜೆ ಏನೇನು ಕೂಡಿಬಂದಿತ್ತು ಎಂದು ಬರೆದುಕೊಂಡು ಬನ್ನಿ. "ಎಲ್ಲಾ ಮುಗೀತು" ಅಂದುಕೊಂಡು ಎರಡನೇ ಗ್ಲಾಸ್ ಎತ್ತಬೇಡಿ.

ಮೂರನೇ ಸಲ ಅವ್ವ ಬಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. "ಅಮ್ಮಾ, ನಿಮ್ಮ ಯಜಮಾನರು ಮದುವೆಯಾದಾಗಲೂ ಕುಡೀತಿದ್ರಾ?" ಎಂದು ಕೇಳಿದೆ.

"ಇಲ್ಲವ್ವ. ಮುಟ್ತಿರಲಿಲ್ಲ. ಬೋರು ಎರಡು ಸಲ ಕೊರೆಸಿದ್ರು, ಎರಡೂ ಫೇಲಾಯ್ತು. ಸಾಲಗಾರರು ಮನೆಗೆ ಬರೋರು. ಆಗ ಹೊತ್ತು ಮುಳುಗಿದ ಮೇಲೆ ಮನೇಲಿ ಇರಕ್ಕೆ ನಾಚಿಕೆ ಅಂತ ಹೊರಗೆ ಹೋಗೋರು..." ಅಲ್ಲಿಗೆ ಮಾತು ನಿಲ್ಲಿಸಿದರು. ಮಗ ಅವರನ್ನೇ ನೋಡುತ್ತಿದ್ದ. ಇದು ಅವನಿಗೆ ಗೊತ್ತೇ ಇರಲಿಲ್ಲ. ಅಪ್ಪ ಹುಟ್ಟಿದಾಗಿನಿಂದ ಹಾಗೇ ಎಂದುಕೊಂಡಿದ್ದ.

ಗಾದೆಯ ಮಾತನ್ನು ನಾನು ಎತ್ತಲಿಲ್ಲ. ಅವ್ವನೇ ಎತ್ತಿದರು. "ನಾನು ಕೋಪಕ್ಕೆ ಅಂದಿದ್ದು ಕಣೋ" ಎಂದರು. ಕೋಪವೂ ಅಲ್ಲ, ಭಯ. ಗಂಡನನ್ನು ಕಳೆದುಕೊಂಡವರಿಗೆ ಮಗನ ಬಾಯಿಂದ ಅದೇ ವಾಸನೆ ಬಂದರೆ ಹೇಗಾಗುತ್ತದೆ ಎಂದು ಕುಮಾರ್‌ಗೆ ನಿಧಾನವಾಗಿ ಹೇಳಿದೆ. ಇನ್ನು ಮುಂದೆ "ನೀನೂ ನಿಮ್ಮಪ್ಪನೇ" ಅನ್ನುವ ಬದಲು "ನಂಗೆ ಭಯ ಆಗ್ತದೆ, ಬೇಗ ಬಾ" ಅನ್ನಿ ಎಂದು ಅವ್ವನಿಗೆ ಹೇಳಿದೆ.

ಹೆಂಡತಿಯ ಪ್ರಶ್ನೆ ಬೇರೆ ಇತ್ತು: ನಮ್ಮ ಮಗುಗೂ ಬರುತ್ತಾ? ಒಲವು ಬಂದರೂ ಬರಬಹುದು ಎಂದೆ. ಆ ಮಗು ಯಾವ ನೆಲದ ಮೇಲೆ ಬೆಳೆಯುತ್ತದೆ ಎಂಬುದು ಈಗಲೇ ಶುರುವಾಗಿದೆ ಎಂದೂ ಹೇಳಿದೆ.

ಈಗ ಏಳು ತಿಂಗಳಾಯಿತು. ಹೆಣ್ಣು ಮಗು. ಎರಡು ಸಲ ಜಾರಿದ್ದಾರೆ, ಎರಡನ್ನೂ ಬರೆದುಕೊಂಡು ಬಂದರು. ಎರಡೂ ಸಲ ಬೈಕ್ ರಿಪೇರಿಗೆ ಹೋಗಿತ್ತು. ಬಟವಾಡೆ ಖಾತೆಗೆ ಹಾಕಲು ಗುತ್ತಿಗೆದಾರರು ಒಪ್ಪಿಲ್ಲ, ಇನ್ನೂ ಕೈಗೇ ಬರುತ್ತಿದೆ. ಹೆಂಡತಿ ಶನಿವಾರ ಆರೂಕಾಲಿಗೆ ಫೋನ್ ಮಾಡುತ್ತಾರೆ. ಮುಂದಿನ ತಿಂಗಳು ಊರಲ್ಲಿ ಮಾರಿಹಬ್ಬ. ನೆಂಟರೆಲ್ಲ ಸೇರುತ್ತಾರೆ, ರಾತ್ರಿ ಊಟಕ್ಕೆ ಮುಂಚೆ ಬಾಟಲಿ ಬಂದೇ ಬರುತ್ತದೆ. ಹೋಗದೇ ಇರಲು ಆಗುವುದಿಲ್ಲ. ಬೆಳಗ್ಗೆ ಮಗುವನ್ನು ಎತ್ತಿಕೊಂಡು ಹೋಗಿ, ಪೂಜೆ ಮುಗಿಸಿ, ಮಧ್ಯಾಹ್ನ ಊಟ ಮಾಡಿ ನಾಲ್ಕು ಗಂಟೆಯ ಬಸ್ಸಿಗೆ ಮೂವರೂ ವಾಪಸ್ ಹೊರಡುವುದು ಎಂದು ಕಳೆದ ವಾರ ಕೂತು ಮಾತಾಡಿಕೊಂಡಿದ್ದೇವೆ. ಟಿಕೆಟ್ ದುಡ್ಡನ್ನು ಹೆಂಡತಿ ಬೇರೆ ಎತ್ತಿಟ್ಟಿದ್ದಾರೆ.