ನಂಬರ್ ತೆಗಿ, ತಾರೀಕು ಹಾಕು

ಹೆಸರು ಹಾಕ್ಬೇಡಿ ಮೇಡಂ ಅಂತ ಕಾಗದದಲ್ಲಿ ಎರಡೆರಡು ಸಲ ಬರೆದಿದ್ದೀಯ, ಹಾಕಲ್ಲ. ತೀರ್ಥಹಳ್ಳಿ ಕಡೆ ಹುಡುಗಿ, ಶಿವಮೊಗ್ಗದಲ್ಲಿ ಹಾಸ್ಟೆಲಲ್ಲಿದ್ದು ಬಿ.ಎ. ಎರಡನೇ ವರ್ಷ ಓದ್ತಿದ್ದಾಳೆ, ಉಳಿದ ಓದುಗರಿಗೆ ಇಷ್ಟು ಗೊತ್ತಿದ್ರೆ ಸಾಕು. ನೀನು ಅಂತಲೇ ಬರೀತೀನಿ, ನನ್ನ ಮಗಳಿಗೂ ನಿನ್ನದೇ ವಯಸ್ಸು, ಬೇಜಾರು ಮಾಡ್ಕೋಬೇಡ.

ಕಾಗದದಲ್ಲಿ ಏನಿತ್ತು ಅಂತ ಉಳಿದವರಿಗೂ ಚೂರು ಹೇಳ್ಬಿಡ್ತೀನಿ. ಪಿಯುಸಿಯಿಂದ ಈ ಹುಡುಗಿ ಒಂದು ಲಾಂಗ್ ನೋಟ್‌ಬುಕ್ಕಲ್ಲಿ ತನಗಿಷ್ಟವಾದ್ದನ್ನೆಲ್ಲ ಪಟ್ಟಿ ಮಾಡ್ತಾ ಬಂದಿದ್ದಾಳೆ. ಸಿನಿಮಾ ಹತ್ತು, ಪುಸ್ತಕ ಹತ್ತು, ತಿಂಡಿ ಹತ್ತು, ಜಾಗ ಹತ್ತು, ಹಾಡು, ಬಣ್ಣ, ವಾಸನೆ, ಶಬ್ದ, ಒಟ್ಟು ಎಂಟು ಪಟ್ಟಿ, ಎಲ್ಲದಕ್ಕೂ ಒಂದರಿಂದ ಹತ್ತರವರೆಗೆ ನಂಬರ್, ನಂಬರ್ ಕೆಳಗೆ ಕೆಂಪು ಗೆರೆ. ಎಂಟನ್ನೂ ನೀಟಾಗಿ ಕಾಪಿ ಮಾಡಿ ಕಳ್ಸಿದ್ದಾಳೆ, ಜೊತೆಗೆ ಮೂರು ಪ್ರಶ್ನೆ. ರೂಮ್‌ಮೇಟ್ ನೋಡಿ ಇದೆಲ್ಲ ಚೈಲ್ಡಿಶ್ ಅಂದ್ಲಂತೆ, ಹೌದಾ? ಆರು ತಿಂಗಳಿಗೊಂದ್ಸಲ ಲಿಸ್ಟ್ ಬದಲಾಗ್ತಾನೇ ಇರುತ್ತೆ, ಹಾಗಾದ್ರೆ ತನಗೆ ಅಂತ ಒಂದು ಟೇಸ್ಟೇ ಇಲ್ವಾ? ಮೂರನೇದು, ಈ ಎಂಭತ್ತರಲ್ಲಿ ಪತ್ರಿಕೆಯಲ್ಲಿ ಹಾಕೋ ಯೋಗ್ಯತೆ ಇರೋದು ಯಾವ್ದು?

ಮೂರನೇದರಿಂದಲೇ ಶುರು ಮಾಡ್ತೀನಿ ಯಾಕಂದ್ರೆ ಅದಕ್ಕೆ ಉತ್ತರ ನಿನ್ನ ಕಾಗದದಲ್ಲೇ ಇದೆ. ಜಾಗದ ಪಟ್ಟಿ ತಗೋ. ಒಂದನೇದು ಜೋಗ, ಎರಡನೇದು ಆಗುಂಬೆ ಸೂರ್ಯಾಸ್ತ, ಮೂರು ಕೊಡಚಾದ್ರಿ, ನಾಲ್ಕು ಕವಿಶೈಲ, ಐದು ಸಕ್ರೆಬೈಲು. ಎಲ್ಲಾ ಒಳ್ಳೆ ಜಾಗಗಳೇ, ನಮ್ಮ ಜಿಲ್ಲೆಯ ಹೆಮ್ಮೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಇದನ್ನ ಓದ್ತಾ ಇರೋವಾಗ ನನಗೆ ನೀನು ಎಲ್ಲೂ ಕಾಣ್ಲಿಲ್ಲ ನೋಡು. ಜೋಗದ ಮುಂದೆ ಅದ್ಭುತ ಅಂತ ಒಂದೇ ಪದ ಬರೆದಿದ್ದೀಯ. 253 ಮೀಟರ್ ಮೇಲಿಂದ ಬೀಳುತ್ತೆ, ರಾಜ ರಾಣಿ ರೋರರ್ ರಾಕೆಟ್ ಅಂತ ನಾಲ್ಕು ಕವಲು, ಇದು ಪ್ರೈಮರಿ ಸ್ಕೂಲ್ ಮಕ್ಕಳಿಗೂ ಗೊತ್ತು. ನೀನು ಯಾವ ತಿಂಗಳಲ್ಲಿ ಹೋಗಿದ್ದೆ? ಲಿಂಗನಮಕ್ಕಿ ಡ್ಯಾಮ್ ಶರಾವತಿ ನೀರನ್ನ ಹಿಡಿದಿಟ್ಕೊಳ್ಳುತ್ತಲ್ಲ, ಹಾಗಾಗಿ ಏಪ್ರಿಲ್ ಮೇನಲ್ಲಿ ಹೋದೋರಿಗೆ ಕಪ್ಪು ಬಂಡೆ ಮೇಲೆ ನಾಲ್ಕು ದಾರ ಇಳಿಬಿಟ್ಟಂಗೆ ಕಾಣುತ್ತೆ, ಆಗಸ್ಟಲ್ಲಿ ಹೋದೋರಿಗೆ ಮಂಜು ಬಿಟ್ರೆ ಏನೂ ಕಾಣದೆ ಬರೀ ಸದ್ದು ಕೇಳಿಸ್ಕೊಂಡು ವಾಪಸ್ ಬರೋದೂ ಉಂಟು. ನೀನು ನೋಡಿದ ಜೋಗ ಯಾವ್ದು ಅಂತ ಗೊತ್ತಾಗ್ದೆ ಅದು ನಿನ್ನ ಪಟ್ಟಿ ಹೆಂಗಾಗುತ್ತೆ.

ಅದೇ ಪಟ್ಟಿಯಲ್ಲಿ ಕೆಳಗೆ, ಒಂಭತ್ತನೇ ನಂಬರಲ್ಲಿ, ಹೆಚ್ಚುಕಮ್ಮಿ ಜಾಗ ತುಂಬ್ಸೋಕೆ ಬರೆದಂಗೆ ಒಂದು ಸಾಲಿದೆ. ಮಂಡಗದ್ದೆ ಹತ್ರ ಹೊಳೆ ಮಧ್ಯದ ಮರ, ಕಂಡಕ್ಟರ್ ಕೂಡ ನೋಡ್ತಾರೆ. ಮಾರಾಯ್ತಿ, ಇದನ್ನ ಓದಿ ನಾನು ಕಾಗದ ಕೆಳಗಿಟ್ಟು ಸುಮ್ನೆ ಕೂತ್ಕೊಂಡೆ. ಶನಿವಾರ ಕ್ಲಾಸ್ ಮುಗ್ಸಿ ಊರಿಗೆ ಹೋಗೋ ಬಸ್ಸು, ಗಾಜನೂರು ದಾಟಿ, ಸಕ್ರೆಬೈಲು ದಾಟಿ, ತುಂಗೆ ಪಕ್ಕದಲ್ಲೇ ಹೋಗ್ತಾ ಹೋಗ್ತಾ ಮಂಡಗದ್ದೆ ಬರುತ್ತೆ, ಮಳೆಗಾಲದಲ್ಲಿ ಹೊಳೆ ಏರಿ ನಡುಗಡ್ಡೆ ಮರಗಳು ಅರ್ಧ ನೀರಲ್ಲಿ ನಿಂತಿರ್ತಾವೆ, ಆ ಕೊಂಬೆಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ ಎಲ್ಲ ಬಂದು ಗೂಡು ಕಟ್ಟಿರ್ತಾವೆ, ದೂರದಿಂದ ನೋಡಿದ್ರೆ ಮರಕ್ಕೆ ಹತ್ತಿ ಅಂಟ್ಸಿದಂಗಿರುತ್ತೆ. ಈ ರೂಟಲ್ಲಿ ದಿನಾ ಓಡಾಡೋ ಕಂಡಕ್ಟರು ಟಿಕೆಟ್ ಹರಿಯೋದು ಬಿಟ್ಟು ಒಂದು ಗಳಿಗೆ ಬಗ್ಗಿ ನೋಡ್ತಾರೆ ಅನ್ನೋದನ್ನ ನೀನು ನೋಡಿದ್ದೀಯಲ್ಲ, ಅದು ನಿಂದು, ಅದನ್ನ ಬೇರೆ ಯಾರೂ ಬರೆಯೋಕಾಗಲ್ಲ. ಅದಕ್ಕೆ ಒಂಭತ್ತನೇ ನಂಬರ್ ಯಾಕೆ ಕೊಟ್ಟೆ? ಜೋಗಕ್ಕಿಂತ ಮೇಲೆ ಇಟ್ರೆ ಯಾರಾದ್ರೂ ನಗ್ತಾರೆ ಅಂತ ತಾನೇ?

ಅದಕ್ಕೇ ಹೇಳೋದು, ಮೊದ್ಲು ಆ ನಂಬರ್ ತೆಗಿ.

ನಮ್ಮನೆ ಸಾಗರದ ಕಡೆ, ಅಡಿಕೆ ತೋಟದ ಮನೆ. ಕೊಯ್ಲು ಮುಗಿದು, ಸುಲಿದು, ಬೇಯ್ಸಿ, ಅಂಗಳದಲ್ಲಿ ಒಣಗ್ಸಿ ಆದ್ಮೇಲೆ ಆರಿಸೋ ಕೆಲಸ ಇರುತ್ತಲ್ಲ, ನಿಮ್ಮನೇಲೂ ನೋಡಿರ್ತೀಯ. ರಾತ್ರಿ ಊಟ ಆದ್ಮೇಲೆ ಹೆಂಗಸರೆಲ್ಲ ಜಗಲಿಯಲ್ಲಿ ಗೆರಸಿ ಮುಂದಿಟ್ಕೊಂಡು ಕೂರೋರು. ಸರಕು ಒಂದು ಕಡೆ, ಬೆಟ್ಟೆ ಒಂದು ಕಡೆ, ರಾಶಿ, ಗೊರಬಲು ಬೇರೆ ಬೇರೆ, ಎಲ್ಲ ಅಡಿಕೆ ದರ್ಜೆಗಳ ಹೆಸರು. ಅಮ್ಮ ಮಾತಾಡ್ತಾ ಮಾತಾಡ್ತಾನೇ ಅಡಿಕೆ ಎತ್ತಿ ಹೆಬ್ಬೆರಳಲ್ಲಿ ಒಂದ್ಸಲ ಸವರಿ ಎಸೆಯೋಳು, ಕಣ್ಣು ನಮ್ಮ ಮೇಲೇ ಇರೋದು, ಅಡಿಕೆ ಮಾತ್ರ ಸರಿಯಾದ ಗುಡ್ಡೆಗೇ ಹೋಗಿ ಬೀಳೋದು. ಸರಕಿಗೆ ಮಂಡಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ರೇಟು, ಗೊರಬಲಿಗೆ ಕಮ್ಮಿ, ಅದಕ್ಕೇ ಅಷ್ಟು ಜಾಗ್ರತೆ. ಆದ್ರೆ ಮಧ್ಯೆ ಮಧ್ಯೆ ಒಂದೊಂದು ಅಡಿಕೆನ ಯಾವ ಗುಡ್ಡೆಗೂ ಹಾಕದೆ ಸೆರಗಿನ ತುದಿಗೆ ಹಾಕ್ಕೊಳ್ಳೋಳು, ತನ್ನ ಎಲೆ ಅಡಿಕೆ ಸಂಚಿಗೆ ಅಂತ. ಅದು ಸರಕೂ ಅಲ್ಲ, ನೋಡೋಕೂ ಚೆಂದ ಇರ್ತಿರ್ಲಿಲ್ಲ. ಯಾಕಮ್ಮ ಒಳ್ಳೇದು ಬಿಟ್ಟು ಇದನ್ನ ಇಟ್ಕೊಳ್ತೀಯ ಅಂದ್ರೆ, ರೇಟು ಮಂಡಿಯೋರಿಗೆ ಕಣೇ, ಇದು ನನ್ನ ಹಲ್ಲಿಗೆ ಅನ್ನೋಳು.

ನಿನ್ನ ನೋಟ್‌ಬುಕ್ ಯಾವ ಮಂಡಿಗೂ ಹೋಗಲ್ಲ. ಒಂದನೇದು ಎರಡನೇದು ಅಂತ ಗ್ರೇಡ್ ಹಾಕೋಕೆ ಕೂತ ಕೂಡ್ಲೇ ಏನಾಗುತ್ತೆ ಅಂದ್ರೆ ಕೊಳ್ಳೋರು ಬಂದು ಎದುರಿಗೆ ಕೂತಂಗಾಗುತ್ತೆ, ಅವರಿಗೆ ಯಾವ್ದು ಹಿಡ್ಸುತ್ತೆ ಅಂತ ಯೋಚ್ನೆ ಶುರುವಾಗುತ್ತೆ. ಪುಸ್ತಕದ ಪಟ್ಟಿಯಲ್ಲಿ ಅದೇ ಆಗಿದೆ. ಕುವೆಂಪು ಅವರ ದೊಡ್ಡ ಕಾದಂಬರಿಗೆ ಫಸ್ಟ್ ಪ್ಲೇಸ್ ಕೊಟ್ಟು ಪಕ್ಕದಲ್ಲೇ ಸಣ್ಣಕ್ಕೆ 80 ಪುಟ ಓದಿದ್ದೀನಿ ಅಂತ ಬರೆದಿದ್ದೀಯ. ಸುಳ್ಳು ಹೇಳ್ದೆ ಬರೆದಿದ್ದು ನನಗೆ ತುಂಬಾ ಹಿಡಿಸ್ತು. ಕುಪ್ಪಳಿ ನಿನ್ನದೇ ತಾಲೂಕು, ಓದ್ಲೇಬೇಕು ಅನ್ನೋ ಒತ್ತಾಯ ಮನೆಯಲ್ಲೂ ಇರುತ್ತೆ ಕಾಲೇಜಲ್ಲೂ ಇರುತ್ತೆ, ನನಗೆ ಅರ್ಥ ಆಗುತ್ತೆ. ಆ ಪುಸ್ತಕಕ್ಕೆ ಒಂಭತ್ತನೇ ಪಟ್ಟಿ ಒಂದು ಶುರು ಮಾಡು, ಅರ್ಧಕ್ಕೆ ನಿಲ್ಸಿರೋದು ಅಂತ. ಯಾವ ಪುಟದಲ್ಲಿ ನಿಂತೆ, ಯಾಕೆ ನಿಂತೆ, ಪರೀಕ್ಷೆ ಬಂತಾ, ಬೇಜಾರಾಯ್ತಾ, ಹೆಸರುಗಳು ಕಲಸಿ ಹೋದ್ವಾ, ಬರಿ. 81ನೇ ಪುಟ ಎಲ್ಲಿಗೂ ಓಡಿ ಹೋಗಲ್ಲ.

ತಿಂಡಿ ಪಟ್ಟಿ ಬಗ್ಗೆ ಜಾಸ್ತಿ ಹೇಳಲ್ಲ, ಒಂದೇ ಮಾತು. ಅಪ್ಪೆಮಿಡಿ ಉಪ್ಪಿನಕಾಯಿ ಅಂತ ಬರೆದಿದ್ದೀಯಲ್ಲ, ಯಾವ ಮರದ್ದು? ನಮ್ಮ ಕಡೆ ಮಾವಿನ ಮಿಡಿಗೆ ಮರದ ಮೇಲೇ ಗುರುತು, ಜೀರಿಗೆ ವಾಸನೆದು ಬೇರೆ, ಬರೀ ಹುಳಿದು ಬೇರೆ, ಸೊನೆ ಜಾಸ್ತಿ ಇರೋದು ಬೇರೆ, ಒಂದೇ ಹೊಳೆ ದಂಡೆಯ ಪಕ್ಕ ಪಕ್ಕದ ಎರಡು ಮರದ ಮಿಡಿ ಒಂದೇ ಥರ ಇರಲ್ಲ. ಅಜ್ಜಿನ ಕೇಳು, ಪಕ್ಕಾ ಗೊತ್ತಿರುತ್ತೆ.

ಈಗ ರೂಮ್‌ಮೇಟ್ ಮಾತು. ಆ ಹುಡುಗಿ ಮೇಲೆ ಸಿಟ್ಟು ಮಾಡ್ಕೋಬೇಡ, ಅವಳಿಗೆ ಪಂಪನ್ನ ಓದಿ ಹೇಳು. ನೀನು ಐಚ್ಛಿಕ ಕನ್ನಡ ಅಂದ್ಯಲ್ಲ, ಬನವಾಸಿ ಪದ್ಯ ಪಾಠ ಆಗಿರ್ಬೇಕು. ಸಾವಿರ ವರ್ಷದ ಹಿಂದೆ, 941ರ ಆಸುಪಾಸಲ್ಲಿ, ಅಷ್ಟು ದೊಡ್ಡ ಯುದ್ಧದ ಕಾವ್ಯ ಬರೀತಾ ಇರೋ ಕವಿ ಮಧ್ಯದಲ್ಲಿ ನಿಂತು ಏನು ಮಾಡ್ತಾನೆ ಅಂದ್ರೆ ಪಟ್ಟಿ ಮಾಡ್ತಾನೆ. ತೆಂಕಣ ಗಾಳಿ ಸೋಕಿದ್ರೂ, ಒಂದೊಳ್ಳೆ ಮಾತು ಕೇಳಿದ್ರೂ, ಇಂಪಾದ ಹಾಡು ಕಿವಿಗೆ ಬಿದ್ರೂ, ಬಿರಿದ ಮಲ್ಲಿಗೆ ಕಂಡ್ರೂ ನನ್ನ ಮನಸ್ಸು ಬನವಾಸಿನೇ ನೆನೆಯುತ್ತೆ ಅಂತ. ಸೊರಬದಿಂದ ಆಚೆ ದಾಟಿದ್ರೆ ಬನವಾಸಿ, ನಮ್ಮ ಪಕ್ಕದ್ದೇ ಊರು. ಗಾಳಿಗೆ ಫಸ್ಟ್, ಮಲ್ಲಿಗೆಗೆ ಫೋರ್ತ್ ಅಂತ ಎಲ್ಲೂ ಇಲ್ಲ ಅದ್ರಲ್ಲಿ. ಯಾವ್ದು ಸೋಕಿದ್ರೆ ಎಲ್ಲಿಗೆ ಹೋಗ್ತೀನಿ ಅಂತ ಮಾತ್ರ ಇದೆ. ಚೈಲ್ಡಿಶ್ ಅನ್ನೋದಾದ್ರೆ ಅದನ್ನೂ ಅನ್ಬೇಕಾಗುತ್ತೆ.

ಉಳಿದಿದ್ದು ಎರಡನೇ ಪ್ರಶ್ನೆ, ಪದೇ ಪದೇ ಬದಲಾಗುತ್ತಲ್ಲ ಅನ್ನೋದು. ನಿನ್ನ ಕಾಗದದಲ್ಲಿ ನಿಜವಾದ ಸಂಕಟ ಇರೋದು ಇಲ್ಲೇ ಅಂತ ನನಗನ್ಸುತ್ತೆ, ಅದಕ್ಕೆ ಸ್ವಲ್ಪ ನನ್ನ ಕಥೆ ಹೇಳ್ಬೇಕು.

ನಾನೂ ನಿನ್ನ ಹಾಗೇ ಶಿವಮೊಗ್ಗಕ್ಕೆ ಓದೋಕೆ ಬಂದಿದ್ದು, 1988ರಲ್ಲಿ. ನನ್ನ ಹತ್ರಾನೂ ಇಂಥದ್ದೇ ಒಂದು ನೋಟ್‌ಬುಕ್ ಇತ್ತು. ಒಂದಿನ ಕ್ಲಾಸಲ್ಲಿ ಮೇಷ್ಟ್ರೊಬ್ಬರ ಕೈಗೆ ಸಿಕ್ತು, ಅವರು ಡೆಸ್ಕ್ ಪಕ್ಕ ನಿಂತ್ಕೊಂಡು ಗಟ್ಟಿಯಾಗಿ ಓದಿದ್ರು, ಇಡೀ ಕ್ಲಾಸ್ ನಗ್ತು. ಎರಡು ನಿಮಿಷ ಆಗಿರ್ಬಹುದು ಅಷ್ಟೇ. ನನಗೆ ತಲೆ ಎತ್ತೋಕಾಗ್ಲಿಲ್ಲ. ಆ ವಾರ ಊರಿಗೆ ಹೋದವಳು ಸ್ನಾನಕ್ಕೆ ಅಂತ ಬಚ್ಚಲಿಗೆ ಹೋಗಿ ಇಡೀ ನೋಟ್‌ಬುಕ್ಕನ್ನ ಬಚ್ಚಲೊಲೆಗೆ ಹಾಕ್ಬಿಟ್ಟೆ, ಅಡಿಕೆ ಸಿಪ್ಪೆ ಬೆಂಕಿ, ಹೊಗೆಯಾಡ್ತಾ ಆಡ್ತಾ ತುಂಬಾ ಹೊತ್ತು ಉರೀತು. ಮತ್ತೆ ಎಷ್ಟೋ ವರ್ಷ ಪಟ್ಟಿ ಬರೀಲಿಲ್ಲ.

ಅಮ್ಮ ತೀರ್ಕೊಂಡ ಮೇಲೆ ಅವಳ ಟ್ರಂಕ್ ತೆಗೆದಾಗ ಒಂದು ಹಳೇ ಪಂಚಾಂಗದ ಒಳಗೆ ಒಂದು ಹಾಳೆ ಸಿಕ್ತು. ಆ ನೋಟ್‌ಬುಕ್‌ದೇ. ಸುಡೋಕೆ ಮುಂಚೆ ಯಾವಾಗ್ಲೋ ಅಮ್ಮ ಹಿಂದಿನ ಖಾಲಿ ಪುಟಕ್ಕೆ ಅಂತ ಹರ್ಕೊಂಡು ದಿನಸಿ ಪಟ್ಟಿ ಬರೆದಿದ್ಲು. ಮುಂದುಗಡೆ ನನ್ನ ಅಕ್ಷರ, ಇಷ್ಟವಾದ ಶಬ್ದಗಳು ಅಂತ ತಲೆಬರಹ, ಆರು ಶಬ್ದ, ನಂಬರ್ ಸಮೇತ. ಒಂದು ದನದ ಗಂಟೆ, ಎರಡು ದೋಸೆ ಕಾವಲಿಗೆ ನೀರು ಚಿಮುಕಿಸಿದ್ದು, ಹೀಗೆ. ನಾಲ್ಕನೇದು, ಮಂಗಳವಾರದ ಗೇಟು. ಅಷ್ಟೇ ಇರೋದು. ಯಾವ ಗೇಟು? ತಾಳಗುಪ್ಪ ಲೈನ್ ಆಗಿನ್ನೂ ಮೀಟರ್‌ಗೇಜು, ಆ ರೈಲ್ವೆ ಗೇಟಾ? ಹಾಸ್ಟೆಲ್ ಗೇಟಾ? ತೋಟದ ತಟ್ಟಿಗೇಟಾ? ಮಂಗಳವಾರ ಏನಿತ್ತು, ಯಾರು ಬರ್ತಿದ್ರು? ಎಷ್ಟು ಯೋಚಿಸಿದ್ರೂ ನೆನಪಾಗ್ತಿಲ್ಲ. ಆಗ ಅದು ನನಗೆ ಎಷ್ಟು ಪ್ರಾಣ ಆಗಿತ್ತೋ ಏನೋ, ಎರಡೇ ಎರಡು ಸಾಲು ಪಕ್ಕದಲ್ಲಿ ಬರೆದಿಟ್ಟಿದ್ರೆ ಈಗ ಸಿಗ್ತಿತ್ತು, ಈಗ ಆ ಹತ್ತೊಂಭತ್ತರ ಹುಡುಗಿನ ಕೇಳೋಣ ಅಂದ್ರೆ ಅವಳಿಲ್ಲ.

ಹಾಳೆ ತಿರುಗ್ಸಿದ್ರೆ ಅಮ್ಮನ ಪಟ್ಟಿ. ಸೀಮೆಎಣ್ಣೆ. ಸಾಸಿವೆ ಕಾಲು ಕೆಜಿ. ಕಾಫಿಪುಡಿ, ಅಪ್ಪಯ್ಯನಿಗೆ ಕೆಮ್ಮು, ಶುಂಠಿ ನೆನಪಿರಲಿ. ಜೋನಿ ಬೆಲ್ಲ, ಶನಿವಾರ ಮಗು ಬರ್ತಾಳೆ. ಕೆಲವದರ ಪಕ್ಕದಲ್ಲಿ ಯಾಕೆ ಅಂತಾನೂ ಇದೆ. ಅಂಗಡಿಗೆ ಹೋಗೋರಿಗೆ ಅದ್ರ ಅವಶ್ಯಕತೆನೇ ಇರ್ಲಿಲ್ಲ, ಆದ್ರೂ ಬರೆದಿದ್ಲು. ಅಮ್ಮನ ಪಟ್ಟಿ ಇವತ್ತಿಗೂ ಪೂರ್ತಿ ಅರ್ಥ ಆಗುತ್ತೆ, ನನ್ನದು ಆಗಲ್ಲ.

ಮಳೆ ನಕ್ಷತ್ರಗಳನ್ನೇ ನೋಡು, ನಮ್ಮ ಕಡೆ ಓದು ಬರಹ ಬರದ ಅಜ್ಜಂದಿರಿಗೂ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿಯಿಂದ ಸ್ವಾತಿ ವಿಶಾಖದವರೆಗೆ ಬಾಯಲ್ಲೇ ಇರುತ್ತೆ. ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ. ಬರೀ ಹೆಸರಾಗಿದ್ರೆ ಎಂದೋ ಮರೀತಿದ್ರು, ಒಂದೊಂದಕ್ಕೂ ಒಂದು ಮಾತು ಕಟ್ಟಿದ್ದಾರೆ, ಭರಣಿ ಸುರಿದ್ರೆ ಧರಣಿ ಬದುಕೀತು ಅಂತ, ಅದಕ್ಕೇ ಉಳೀತು.

ಹಾಗಾಗಿ ಬದಲಾದ್ರೆ ಬದಲಾಗ್ಲಿ, ಪಿಯುಸಿಯಲ್ಲಿ ಇಷ್ಟ ಇದ್ದ ಹಾಡು ಈಗ ಕೇಳೋಕಾಗ್ತಿಲ್ಲ ಅಂದ್ರೆ ನಿನಗೆ ಟೇಸ್ಟ್ ಇಲ್ಲ ಅಂತಲ್ಲ, ಕಿವಿ ಬೆಳೀತಿದೆ ಅಂತ. ಹಳೇ ಸಾಲಿನ ಮೇಲೆ ವೈಟ್ನರ್ ಹಚ್ಬೇಡ, ಹಾಳೆ ಹರೀಬೇಡ. ತೆಳ್ಳಗೆ ಒಂದು ಗೆರೆ ಎಳೆದು, ಯಾವತ್ತು ಬಿಟ್ಟೆ ಅಂತ ತಾರೀಕು ಹಾಕು. ಹೊಸದು ಸೇರ್ಸಿದಾಗ್ಲೂ ತಾರೀಕು, ಊರು, ಜೊತೆಗೆ ಯಾರಿದ್ರು, ಇಷ್ಟು. ಎಲ್ಲದಕ್ಕೂ ಉದ್ದ ಬರೀಬೇಕು ಅಂತೇನಿಲ್ಲ, ಕಂಡಕ್ಟರ್ ಕೂಡ ನೋಡ್ತಾರೆ ಅನ್ನೋ ಮೂರು ಪದದಲ್ಲೇ ನೀನು ಹೇಳಿದ್ದೀಯಲ್ಲ. ಮತ್ತೆ, ಯಾರಾದ್ರೂ ಕಿತ್ಕೊಂಡು ಗಟ್ಟಿಯಾಗಿ ಓದಿದ್ರೆ, ಓದ್ಲಿ. ನಗು ಎರಡು ನಿಮಿಷದ್ದು. ಒಲೆ ಹತ್ರ ಮಾತ್ರ ಹೋಗ್ಬೇಡ, ಇದನ್ನ ನಾನು ಕೈ ಮುಗಿದು ಕೇಳ್ತೀನಿ.

ಪತ್ರಿಕೆಯಲ್ಲಿ ಹಾಕೋ ವಿಷಯ. ಶಬ್ದದ ಪಟ್ಟಿ ಕಳ್ಸು, ಅದ್ರಲ್ಲಿ ಅಜ್ಜಿ ಕುಟ್ಟಾಣಿ ಸದ್ದು ಅಂತ ಒಂದಿದೆ, ಹಲ್ಲಿಲ್ಲದ ಅಜ್ಜಿ ಎಲೆ ಅಡಿಕೆ ಕುಟ್ಕೊಳ್ಳೋದು ಎಷ್ಟು ಹೊತ್ತಿಗೆ, ನೀನು ಎಲ್ಲಿ ಮಲಗಿ ಕೇಳ್ತಿದ್ದೆ, ಅದನ್ನ ಸೇರ್ಸಿ ಬರಿ. ಜೊತೆಗೆ ಮಂಡಗದ್ದೆ ಮರ. ಹತ್ತು ತುಂಬ್ಸೋದು ಬೇಡ, ನಾಲ್ಕಿದ್ರೆ ನಾಲ್ಕು. ಈ ಸಂಚಿಕೆ ನಿನ್ನ ಕೈ ಸೇರೋ ಹೊತ್ತಿಗೆ ಪುಷ್ಯ ಮಳೆ ಹಿಡಿದಿರುತ್ತೆ, ಹೊಳೆ ತುಂಬಿರುತ್ತೆ, ಹಕ್ಕಿ ಬಂದಿರ್ತಾವೆ. ಶನಿವಾರ ಹೊಳೆ ಕಡೆ ಕಿಟಕಿ ಸೀಟು ಹಿಡಿ, ಕಂಡಕ್ಟರ್ ಏನಾದ್ರೂ ಅಂದ್ರೆ ಅದನ್ನೂ ಬರ್ಕೊಂಡು ಬಾ.