ದೊಡ್ಡ ಮನೆತನದವನಲ್ಲದ ಮಾರಿಯಸ್ ರೋಮ್‌ನಲ್ಲಿ ಏಳು ಸಲ ಕಾನ್ಸುಲ್ ಆಗಿದ್ದು ಹೇಗೆ?

ಯುದ್ಧ ಗೆದ್ದು. ಜೊತೆಗೆ, ಅವನ ಸೈನಿಕರು ಸರ್ಕಾರಕ್ಕಿಂತ ಜಾಸ್ತಿ ಅವನನ್ನೇ ನೆಚ್ಚಿಕೊಂಡಿದ್ದರು.

ಕಾನ್ಸುಲ್ ಅಂದರೆ ವರ್ಷಕ್ಕೆ ಇಬ್ಬರಂತೆ ಆರಿಸುತ್ತಿದ್ದ ದೊಡ್ಡ ಹುದ್ದೆ. ಕ್ರಿ.ಪೂ. 107ರಲ್ಲಿ ಮೊದಲ ಸಲ ಗೆದ್ದ ಗಾಯಸ್ ಮಾರಿಯಸ್, ಸೈನ್ಯ ಸೇರಲು ಆಸ್ತಿ ಇರಬೇಕೆಂಬ ನಿಯಮ ಬದಿಗಿಟ್ಟು ಏನೂ ಇಲ್ಲದವರನ್ನೂ ಸೇರಿಸಿಕೊಂಡ. ಗುಟ್ಟು ಇರೋದು ಇಲ್ಲೇ. ಜಮೀನಿದ್ದವನು ಯುದ್ಧ ಮುಗಿದರೆ ಊರಿಗೆ ಹೋಗಿ ಉಳುತ್ತಾನೆ. ಇಲ್ಲದವನು ಎಲ್ಲಿಗೆ ಹೋಗಬೇಕು? ಅವನಿಗೆ ಲೂಟಿಯಲ್ಲಿ ಪಾಲು, ಆಮೇಲೆ ತುಂಡು ಭೂಮಿ ಕೊಡಿಸಬೇಕಾದವನು ಸೇನಾಪತಿಯೇ ಅಲ್ವಾ?

105ರಲ್ಲಿ ಅರೌಸಿಯೋ ಎಂಬಲ್ಲಿ ಉತ್ತರದ ಬುಡಕಟ್ಟುಗಳು ರೋಮನ್ ಸೈನ್ಯವನ್ನು ಧೂಳೀಪಟ ಮಾಡಿದವು. ರೋಮ್ ನಡುಗಿಹೋಯಿತು. ಪದೇ ಪದೇ ಕಾನ್ಸುಲ್ ಆಗಬಾರದೆಂಬ ಕಟ್ಟುಪಾಡು ಮೂಲೆಗೆ ಸೇರಿತು. 104ರಿಂದ 100ರವರೆಗೆ ಸತತ ಐದು ವರ್ಷ ಅವನೇ. ಸಾಮಾನೆಲ್ಲ ತಾವೇ ಹೊತ್ತು ನಡೆಯುತ್ತಿದ್ದ ಅವನ ಸೈನಿಕರಿಗೆ ‘ಮಾರಿಯಸ್‌ನ ಹೇಸರಗತ್ತೆಗಳು’ ಅಂತ ಅಡ್ಡಹೆಸರೇ ಬಿತ್ತು. ಆ ಹೇಸರಗತ್ತೆಗಳೇ 102, 101ರಲ್ಲಿ ಎರಡು ದೊಡ್ಡ ಕಾಳಗ ಗೆದ್ದುಕೊಟ್ಟವು.

86ರ ಏಳನೆಯ ಸಲದ್ದು ಮಾತ್ರ ಬೇರೆ ಕತೆ. ಅದಕ್ಕೆ ಮುಂಚೆ ರೋಮ್‌ಗೇ ಸೈನ್ಯ ನುಗ್ಗಿಸಿದ್ದ. ಹುದ್ದೆ ಸಿಕ್ಕ ಕೆಲವೇ ದಿನಗಳಲ್ಲಿ ತೀರಿಕೊಂಡ.